ಒಂದೇ ಸಲ ಕೇಳುವ ಊರಿನಲ್ಲಿ ಇಪ್ಪತ್ನಾಲ್ಕು ದಿನ

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ

ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದವನು. ಅದರಲ್ಲಿ ಹತ್ತೊಂಬತ್ತು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಸ್ಟೇಶನ್ನುಗಳಲ್ಲೇ ಮಾಸ್ತರನಾಗಿದ್ದೆ. ಒಂದು ಸ್ಟೇಶನ್ನಿನಿಂದ ಗಾಡಿ ಬಿಡಬೇಕಾದರೆ ದಾರಿ ಖಾಲಿ ಇದೆ ಎಂದು ಮುಂದಿನ ಸ್ಟೇಶನ್ನಿನವನು ಹೇಳಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತೇವೆ. ಅವನು ಹೇಳುವ ತನಕ ಗಾಡಿಯಲ್ಲಿ ಮಂತ್ರಿ ಕೂತಿರಲಿ, ಮದುವೆ ದಿಬ್ಬಣ ಕೂತಿರಲಿ, ಗಾಡಿ ಕದಲುವುದಿಲ್ಲ. ನಿವೃತ್ತನಾದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಬಚ್ಚಲಿಗೆ ಹೋಗುವಾಗಲೂ ನಾನು ಹೊರಗೆ ನಿಂತು ಕೇಳಿ, ಉತ್ತರ ಬಂದ ಮೇಲೆಯೇ ಒಳಗೆ ಹೋಗುತ್ತೇನೆ ಎಂದು ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಒಳಗೆ ಯಾರೂ ಇಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು ಎಂಬುದನ್ನು ಅವಳು ಯೋಚಿಸಿಲ್ಲ.

ಇಂಗ್ಲೆಂಡಿನಿಂದ ಪತ್ರ ಬಂದದ್ದು ಮಾರ್ಚ್ ತಿಂಗಳಲ್ಲಿ. ನನ್ನ ಅಕ್ಕ ನೀಲಾಂಬಿಕಾ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ಹೈಸ್ಕೂಲಿನಲ್ಲಿದ್ದಾಗ ನರ್ಸ್ ಕೆಲಸಕ್ಕೆಂದು ಅಲ್ಲಿಗೆ ಹೋದವಳು, ಅಲ್ಲಿಯ ಅಂಚೆ ಕಚೇರಿಯ ಒಬ್ಬರನ್ನು ಮದುವೆಯಾಗಿ ಅಲ್ಲೇ ಉಳಿದಳು. ಮಕ್ಕಳಿಲ್ಲ. ಭಾವ ತೀರಿಕೊಂಡ ಮೇಲೆ ಮರೆವಿನ ಕಾಯಿಲೆ ಶುರುವಾಗಿ, ಲೀಡ್ಸ್ ಹತ್ತಿರದ ಒಂದು ಆರೈಕೆ ಮನೆ ಸೇರಿದ್ದಳು. ಪತ್ರ ಆ ಮನೆಯವರದು. ನಿಮ್ಮ ಅಕ್ಕ ಇಂಗ್ಲಿಷನ್ನು ಹೆಚ್ಚುಕಡಿಮೆ ಮರೆತಿದ್ದಾರೆ, ಯಾರ ಜೊತೆಗೂ ಬೆರೆಯುವುದಿಲ್ಲ, ಊಟ ನಿರಾಕರಿಸುತ್ತಾರೆ, ತೂಕ ಇಳಿಯುತ್ತಿದೆ. ಏಪ್ರಿಲ್ ಕೊನೆಗೆ ಒಂದು ಸಭೆ ಇದೆ. ಅಷ್ಟರಲ್ಲಿ ಸುಧಾರಿಸದಿದ್ದರೆ ದೂರದ ದೊಡ್ಡ ಶುಶ್ರೂಷಾಲಯಕ್ಕೆ ಕಳಿಸಬೇಕಾಗುತ್ತದೆ. ಅಲ್ಲಿ ಹೆಚ್ಚಿನವರು ಹಾಸಿಗೆಯಲ್ಲೇ ಇರುತ್ತಾರೆ, ನಳಿಕೆಯಿಂದ ಆಹಾರ ಕೊಡುತ್ತಾರೆ. ತಾವು ಬರಲು ಸಾಧ್ಯವೇ?

ಹಾವೇರಿ ಜಿಲ್ಲೆಯಾಗಿ ಆಗ ಹತ್ತು ವರ್ಷ. ಪಾಸ್‌ಪೋರ್ಟ್ ವಿಚಾರಣೆಗೆ ಅಲ್ಲಿಗೆ ಹೋದೆ. ಹವಾಲ್ದಾರರು ಅರ್ಜಿಯನ್ನು ಎರಡು ಸಲ ತಿರುವಿ ಹಾಕಿದರು.

"ಯಾಕ್ ಹೊಂಟೀರಿ ಮಾಸ್ತರ್ರ, ಈ ವಯಸ್ಸಿನ್ಯಾಗ?"

"ನಮ್ಮಕ್ಕ ಊಟ ಮಾಡವಲ್ಲಳ್ರಿ. ಮಾಡ್ಸಾಕ."

"ಅಷ್ಟ ದೂರ ಯಾಕ್ರಿ? ನಮ್ಮನ್ಯಾಗ ನಮ್ಮವ್ವನೂ ಮಾಡವಲ್ಲಳು. ಇಲ್ಲೇ ಬಾಜೂಕ ಐತಿ ಮನಿ. ಬಂದು ಒಂದೀಟು ಹೇಳಿ ಹೋಗ್ರಲಾ."

ಬ್ಯಾಡಗಿಯಲ್ಲಿ ತಂಗಿ ಕಸ್ತೂರಿ ಇದ್ದಾಳೆ. ಅವಳ ಮನೆಯ ಮುಂದಿನ ಅಂಗಳದಲ್ಲಿ ಹದಿನೈದಿಪ್ಪತ್ತು ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಕೈ ಎಷ್ಟು ಆಡುತ್ತದೋ ಬಾಯಿ ಅದಕ್ಕಿಂತ ಹೆಚ್ಚು. ಕಸ್ತೂರಿ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಖಾರಪುಡಿ ಕಟ್ಟಿಕೊಟ್ಟಳು.

"ಅಕ್ಕ ಊಟಕ್ಕ ಒಲ್ಲೆ ಅನ್ನಾಕಿ ಅಲ್ಲಣ್ಣಾ," ಎಂದಳು. "ನಿನ್ನ ಪಾಲಿಂದೂ ತಿಂದು, ನೀ ಅಳಾಕತ್ತಿದ್ರ ಬಾಯಿ ಒರಸ್ಕೊಂಡು ಕುಂದ್ರತಿದ್ಲು. ಅಲ್ಲಿ ಬ್ಯಾರೇನೋ ಐತಿ, ನೋಡು."

ಆಕಾಶ

ವಿಮಾನದ ಬಗ್ಗೆ ನನ್ನದು ಒಂದೇ ತಕರಾರು. ಎಲ್ಲಿ ಇದ್ದೇವೆಂಬುದಕ್ಕೆ ಬೋರ್ಡಿಲ್ಲ. ಪಕ್ಕದವರು ಗಡಿಯಾರ ತಿರುಗಿಸಿಕೊಳ್ಳಿ ಎಂದರು. ಮೂವತ್ತಾರು ವರ್ಷ ಒಂದು ನಿಮಿಷ ಹಿಂದೆಮುಂದೆ ಆಗದ ಗಡಿಯಾರವನ್ನು ಯಾರೋ ಹೇಳಿದರೆಂದು ನಾಲ್ಕೂವರೆ ತಾಸು ಹಿಂದಕ್ಕೆ ತಿರುಗಿಸುವುದು ನನ್ನಿಂದ ಆಗಲಿಲ್ಲ. ಹಾಗೇ ಬಿಟ್ಟೆ.

ಗಗನಸಖಿ ಬುಟ್ಟಿ ಹಿಡಿದು ಬಂದಳು. ಬಿಸಿ ಬನ್ನು. ಇನ್ನೊಂದು ಬೇಕೇ ಎಂದು ನಗುತ್ತಾ ಕೇಳಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ನಾನೂ ನಗುತ್ತಾ, ಬೇಡ ಎಂದೆ. ನಮ್ಮ ಕಡೆ ಇದರ ಅರ್ಥ ಯಾರಿಗೂ ಹೇಳಬೇಕಾಗಿಲ್ಲ. ಒಮ್ಮೆ ಬೇಡ ಎನ್ನಬೇಕು, ಎರಡನೆಯ ಸಲ ಸಾಕು ಎನ್ನಬೇಕು, ಮೂರನೆಯ ಸಲಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಬೆರಳು ಬಿಡಿಸಿ ಸಂದಿಯಲ್ಲಿ ಹಾಕಿಸಿಕೊಳ್ಳಬೇಕು. ನಾನು ಕೈ ಸಿದ್ಧ ಮಾಡಿಕೊಂಡು ಕೂತಿದ್ದೆ. ಅವಳು ಮುಂದಿನ ಸಾಲಿಗೆ ಹೋದಳು. ಆ ಬುಟ್ಟಿ ಮತ್ತೆ ನಮ್ಮ ಕಡೆ ಬರಲೇ ಇಲ್ಲ.

ಇಳಿದ ಮೇಲೆ ಸುಂಕದ ಅಧಿಕಾರಿ ಖಾರಪುಡಿಯ ಗಂಟು ಬಿಚ್ಚಿಸಿದರು. ಆ ಕೆಂಪು ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿದರು. ಇದು ಬ್ಯಾಡಗಿ ಮೆಣಸಿನಕಾಯಿ, ಬಣ್ಣವೇ ಜಾಸ್ತಿ, ಖಾರ ಕಡಿಮೆ ಎಂದು ವಿವರಿಸಿದೆ. ಖಾರವಿಲ್ಲದ ಮೆಣಸಿನಕಾಯಿಯನ್ನು ಇಷ್ಟು ದೂರ ಯಾಕೆ ಹೊತ್ತು ತಂದಿರಿ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಗಂಟು ಕಟ್ಟಿಕೊಂಡೆ.

ಮೊದಲ ದಿನ

ಆರೈಕೆ ಮನೆ ಇಟ್ಟಿಗೆಯ ಎರಡಂತಸ್ತಿನ ಕಟ್ಟಡ. ಮುಂಬಾಗಿಲಿಗೆ ಬೀಗವಿಲ್ಲ, ಅಂಕಿ ಒತ್ತುವ ಗುಂಡಿಗಳಿವೆ. ನಾಲ್ಕು ಅಂಕಿ ಗೊತ್ತಿದ್ದವರಿಗೆ ತೆರೆಯುತ್ತದೆ, ಮರೆತವರಿಗೆ ಇಲ್ಲ. ಒಳಗಿರುವವರೆಲ್ಲ ಮರೆತವರೇ ಆದ್ದರಿಂದ ವ್ಯವಸ್ಥೆ ಸರಿಯಾಗಿದೆ. ನನ್ನನ್ನು ಬರಮಾಡಿಕೊಂಡವಳು ಕ್ಯಾರನ್. ಇರುವವರಿಗೆ ಹೊತ್ತು ಹೋಗುವಂತೆ ಮಾಡುವುದು ಅವಳ ಕೆಲಸ. ಹಾಡು, ಚೆಂಡಾಟ, ಕಂಪ್ಯೂಟರು ಎಲ್ಲ ಅವಳ ಸುಪರ್ದಿಯಲ್ಲಿ. ನನಗೆ ಹಜಾರದ ಕೊನೆಯಲ್ಲಿ ಅತಿಥಿಗಳ ಕೋಣೆ ಕೊಟ್ಟಿದ್ದರು.

ನಡುಮನೆಯಲ್ಲಿ ಗೋಡೆಗುಂಟ ಕುರ್ಚಿಗಳು. ಹದಿನಾಲ್ಕು ಜನ ಕೂತಿದ್ದರು. ಒಬ್ಬರೂ ಇನ್ನೊಬ್ಬರ ಕಡೆ ನೋಡುತ್ತಿರಲಿಲ್ಲ. ಗಾಡಿ ರದ್ದಾದದ್ದನ್ನು ಯಾರಿಗೂ ಹೇಳದ ವೇಟಿಂಗ್ ರೂಮಿನ ಹಾಗಿತ್ತು. ಅಲ್ಲಾದರೂ ಜನ ಮಾತಾಡುತ್ತಾರೆ, ಕಡೇಪಕ್ಷ ಮಾಸ್ತರನನ್ನು ಬಯ್ಯುತ್ತಾರೆ. ಇಲ್ಲಿ ಅದೂ ಇಲ್ಲ.

ಅಕ್ಕ ತನ್ನ ಕೋಣೆಯಲ್ಲಿದ್ದಳು. ಕೂದಲು ಗಿಡ್ಡ, ನೀಲಿ ಸ್ವೆಟರು, ಕಾಲುಗಳು ಕಡ್ಡಿಯಂತೆ. ಕುರ್ಚಿಯ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಹೋಗುವವಳ ಹಾಗೆ ಕೂತಿದ್ದಳು.

"ಬರ್ರಿ, ಕುಂದ್ರಿ," ಎಂದಳು, ಅಚ್ಚ ಬ್ಯಾಡಗಿ ಮಾತಿನಲ್ಲಿ. "ನೀವೂ ಇವರ ಮನಿಗೆ ಬಂದೀರೇನ್ರಿ?"

"ಅಕ್ಕಾ, ನಾನು ಚನ್ನಬಸು."

"ಹೌದಾ? ನಮ್ಮ ತಮ್ಮಂದೂ ಅದಽ ಹೆಸರು. ಬಾಳ ಪುಕ್ಕಲಾ ಅಂವ. ನೀವೇನ್ ಕೆಲಸ ಮಾಡ್ತೀರಿ?"

"ಸ್ಟೇಶನ್ ಮಾಸ್ತರ."

"ಚಲೋ ಆತು ಮಾಸ್ತರ್ರ. ಗಾಡಿ ಯಾವಾಗಂತ ನಿಮಗ ಗೊತ್ತಿರ್ತೈತಿ."

ಕಿಟಕಿಯ ಪರದೆ ಸರಿಸುವ ನೆಪದಲ್ಲಿ ಎದ್ದೆ. ಹಾಸಿಗೆಯ ಪಕ್ಕದಲ್ಲಿ ಒಂದು ಚಾಪೆಯಿತ್ತು, ಅದರ ಮೇಲೆ ಕಾಲಿಟ್ಟೆ. ಎಲ್ಲೋ ಗಂಟೆ ಹೊಡೆಯಿತು, ಇಬ್ಬರು ಹುಡುಗಿಯರು ಓಡಿ ಬಂದು ನನ್ನನ್ನು ಎರಡೂ ಕಡೆಯಿಂದ ಹಿಡಿದುಕೊಂಡರು. ಇರುವವರು ಹಾಸಿಗೆಯಿಂದ ಇಳಿದರೆ ತಿಳಿಯಲೆಂದು ಹಾಕಿದ ವಿದ್ಯುತ್ ಚಾಪೆಯಂತೆ.

"ಮಂದಿ ಮನ್ಯಾಗ ಕಂಡಕಂಡಲ್ಲಿ ಕಾಲಿಡಬಾರದ್ರಿ," ಎಂದಳು ಅಕ್ಕ.

ಎರಡನೆಯ ದಿನ

ಬೆಳಗಿನ ಆರು ಗಂಟೆಯ ನಡಿಗೆ ನಾನು ಹೆಂಡತಿಗೆ ಹೆರಿಗೆಯಾದ ದಿನವೂ ತಪ್ಪಿಸಿದವನಲ್ಲ. ಟೋಪಿ ಹಾಕಿಕೊಂಡು ಮುಂಬಾಗಿಲಿಗೆ ಬಂದೆ. ನಾಲ್ಕು ಅಂಕಿಗಳು ತಲೆಯಲ್ಲಿ ತಿರುವುಮುರುವಾಗಿದ್ದವು. ಎರಡು ಸಲ ಒತ್ತಿದೆ, ತೆರೆಯಲಿಲ್ಲ. ಹಿಂದಿನಿಂದ ಯಾರೋ ಮೆತ್ತಗೆ ತೋಳು ಹಿಡಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಶುಶ್ರೂಷಕಿ. ತುಂಬ ಒಳ್ಳೆಯ ಹೆಂಗಸು.

"ಎಲ್ಲಿಗೆ ಹೊರಟಿರಿ?"

"ವಾಕಿಂಗಿಗೆ."

"ಈಗ ಗಂಟೆ ಎಷ್ಟು ಹೇಳಿ ನೋಡೋಣ?"

ಗಡಿಯಾರ ನೋಡಿ, "ಹತ್ತೂವರೆ," ಎಂದೆ. ಹೊರಗೆ ಇನ್ನೂ ನಸುಕು.

"ಇದು ಯಾವ ಊರು?"

ನನ್ನ ಊರು ಕೇಳುತ್ತಿದ್ದಾಳೆಂದು ತಿಳಿದು, "ರಾಣೆಬೆನ್ನೂರು," ಎಂದೆ. ಅವಳು ಒಂದು ಪಟ್ಟಿಯಲ್ಲಿ ಬರೆದುಕೊಂಡಳು.

"ನಾನು ಸ್ಟೇಶನ್ ಮಾಸ್ತರ. ಮೂರು ಸ್ಟೇಶನ್ ನೋಡಿಕೊಂಡವನು," ಎಂದು ಗತ್ತಿನಿಂದ ಹೇಳಿದೆ.

"ಹಾಗಾದರೆ ಗಾಡಿ ಬರಲು ಇನ್ನೂ ಹೊತ್ತಿದೆ," ಎಂದು ಅವಳು ನನ್ನನ್ನು ನಡುಮನೆಗೆ ಕರೆತಂದು, ಕಾಲ ಮೇಲೆ ಕಂಬಳಿ ಹೊದಿಸಿ, ಚಹಾ ಕೊಟ್ಟಳು.

ಎರಡು ತಾಸು ಅಲ್ಲೇ ಕೂತಿದ್ದೆ. ಎಷ್ಟು ಹೇಳಿದರೂ ಅವಳು ತಲೆಯಾಡಿಸುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಜಾರ್ಜ್ ಎಂಬ ಎತ್ತರದ ಮುದುಕರು. ಬಸ್ ಕಂಡಕ್ಟರರಾಗಿದ್ದವರು. ಅವರು ನನ್ನ ಬಳಿ ಮೂರು ಸಲ ಟಿಕೆಟ್ ಕೇಳಿದರು. ಮೂರನೆಯ ಸಲಕ್ಕೆ ನನ್ನ ರೈಲ್ವೆ ಪಾಸು ತೋರಿಸಿದೆ. ನೋಡಿ, ಇದು ಬಸ್ಸಿಗೆ ನಡೆಯುವುದಿಲ್ಲ ಎಂದರು. ಮಾತು ನ್ಯಾಯವಾದದ್ದೇ. ಕ್ಯಾರನ್ ಬಂದು ನನ್ನನ್ನು ಬಿಡಿಸಿದಳು. ಬಿಡಿಸುವ ಮುಂಚೆ ಗೋಡೆ ಹಿಡಿದುಕೊಂಡು ಒಂದಿಷ್ಟು ಹೊತ್ತು ನಕ್ಕಳು.

ನಾಲ್ಕನೆಯ ದಿನ

ಆ ಮನೆಯಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಮುಟ್ಟಿದರೆ ಹಳೆಯ ಚಿತ್ರಗಳನ್ನು ತೋರಿಸುವ ಒಂದು ಪರದೆಯಿದೆ. ಟ್ರಾಮು, ಹಾಲಿನ ಬಂಡಿ, ಯುದ್ಧಕಾಲದ ಬೀದಿಗಳು. ಅವನ್ನು ನೋಡಿ ಇರುವವರು ನಾಲ್ಕು ಮಾತಾಡಲಿ ಎಂಬುದು ಉದ್ದೇಶ. ಜಾರ್ಜ್ ಬಸ್ಸಿನ ಚಿತ್ರ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಅಕ್ಕ ಮಾತ್ರ ಬೇರೆಯವರ ಮದುವೆಯ ಆಲ್ಬಮ್ ನೋಡುವವರ ಹಾಗೆ ಮರ್ಯಾದೆಗೆ ನೋಡಿ, ಚಲೋ ಬಂದಾವು ಎನ್ನುತ್ತಿದ್ದಳು.

ಕ್ಯಾಮೆರಾ ಇರುವ ಒಂದು ಕಂಪ್ಯೂಟರೂ ಇತ್ತು. ದೂರದ ಮಕ್ಕಳು ಮೊಮ್ಮಕ್ಕಳು ಮುಖ ತೋರಿಸಿ ಮಾತಾಡಲಿ ಎಂದು ಯಾರೋ ಕೊಟ್ಟದ್ದು. ಮಕ್ಕಳು ಮೊಮ್ಮಕ್ಕಳು ಹತ್ತಿರದ ಊರುಗಳಲ್ಲೇ ಇದ್ದುದರಿಂದ ಯಾರೂ ಬಳಸಿರಲಿಲ್ಲ.

ಊಟ ಹನ್ನೆರಡು ಗಂಟೆಗೆ. ನನ್ನ ಗಡಿಯಾರದಲ್ಲಿ ನಾಲ್ಕೂವರೆ. ಬೇಯಿಸಿದ ಆಲೂಗಡ್ಡೆ, ಬಟಾಣಿ, ಬಿಳಿಯ ಒಂದು ಗೊಜ್ಜು. ಹುಡುಗಿ ತಟ್ಟೆ ತಂದು ಅಕ್ಕನಿಗೆ ಕೇಳಿದಳು. ಅಕ್ಕ ನಕ್ಕು, ಬೇಡವೆಂದಳು. ಅವಳಲ್ಲಿ ಉಳಿದಿದ್ದ ಇಂಗ್ಲಿಷು ಹೆಚ್ಚುಕಡಿಮೆ ಆ ಎರಡು ಮಾತು, 'ನೋ ಥ್ಯಾಂಕ್ಯೂ'. ಹುಡುಗಿ ತಟ್ಟೆಯನ್ನು ಐದು ನಿಮಿಷ ಇಟ್ಟು, ತೆಗೆದುಕೊಂಡು ಹೋಗಿ, ಪಟ್ಟಿಯಲ್ಲಿ 'ನಿರಾಕರಿಸಿದರು' ಎಂದು ಬರೆದಳು. ಇಷ್ಟರಲ್ಲಿ ಅಕ್ಕನ ಕಣ್ಣು ತಟ್ಟೆಯ ಹಿಂದೆಯೇ ಹೋಗಿದ್ದು ನನಗೆ ಕಂಡಿತು.

"ಉಣ್ಣಕ್ಕಾ," ಎಂದೆ, ಪ್ಲಾಟ್‌ಫಾರ್ಮಿನ ಗಂಟಲಿನಲ್ಲಿ.

"ಸುಮ್ನಿರ್ರಿ ಮಾಸ್ತರ್ರ. ಅವರ ಮನ್ಯಾಗ ಕುಂತು ನೀವ್ಯಾಕ ಒದರತೀರಿ? ನೀವೂ ಬಂದವರು, ನಾನೂ ಬಂದಾಕಿ."

ಮಧ್ಯಾಹ್ನ ಕ್ಯಾರನ್ ಒಂದು ಬೆಕ್ಕು ತಂದು ಅಕ್ಕನ ತೊಡೆಯ ಮೇಲಿಟ್ಟಳು. ಯಂತ್ರದ ಬೆಕ್ಕು. ಬೆನ್ನು ಸವರಿದರೆ ಗುರುಗುಟ್ಟುತ್ತದೆ, ಕಣ್ಣು ಮುಚ್ಚುತ್ತದೆ. ಒಂಟಿಯಾಗಿರುವವರಿಗೆ ಇದರಿಂದ ಸಮಾಧಾನ ಸಿಗುತ್ತದಂತೆ. ಅಕ್ಕನಿಗೆ ಸಮಾಧಾನ ಸಿಗಲಿಲ್ಲ, ಚಿಂತೆ ಹತ್ತಿತು. ಚಹಾದ ತಟ್ಟೆಯಲ್ಲಿ ಹಾಲು ಹಾಕಿ ಅದರ ಮುಂದಿಟ್ಟಳು. ಬೆಕ್ಕು ಗುರುಗುಟ್ಟಿತೇ ಹೊರತು ಕುಡಿಯಲಿಲ್ಲ. ಅಕ್ಕ ನನ್ನ ಕಡೆ ಬಗ್ಗಿ, ಪಿಸುದನಿಯಲ್ಲಿ ಹೇಳಿದಳು:

"ಸಂಕೋಚ ಮಾಡಾಕತ್ತೈತಿ. ಮನಿಯವರು ಯಾರರ ಒತ್ತಾಯ ಮಾಡಿದ್ರ ಕುಡೀತೈತಿ. ಇವರು ಒಂದಽ ಸಲ ಕೇಳ್ತಾರಲ್ರಿ."

ನನಗೆ ಎರಡು ಸಂಗತಿ ಒಟ್ಟಿಗೆ ನೆನಪಾದವು. ಒಂದು, ಮುಂದಿನ ಸಾಲಿಗೆ ಹೋದ ಬನ್ನಿನ ಬುಟ್ಟಿ. ಇನ್ನೊಂದು, ಅಕ್ಕ ಇಂಗ್ಲೆಂಡಿಗೆ ಬಂದ ಮೊದಲ ವಾರ ಬರೆದ ಕಾಗದ. ಇಲ್ಲಿಯ ಮನೆಯೊಡತಿ ಒಂದೇ ಸಲ ಕೇಳುತ್ತಾಳೆ, ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದೆ, ಐದನೆಯ ದಿನ ನಾಚಿಕೆ ಬಿಟ್ಟು ಮೊದಲ ಸಲಕ್ಕೇ ಹೂಂ ಅಂದೆ ಎಂದು ಬರೆದಿದ್ದಳು. ಅಪ್ಪ ಅದನ್ನು ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಬಂದವರಿಗೆಲ್ಲ ಓದಿ ಹೇಳಿ ನಗಿಸಿದ್ದರು. ಅಕ್ಕ ಈಗ ಮತ್ತೆ ಆ ನಾಲ್ಕು ದಿನಗಳೊಳಗೆ ಸಿಕ್ಕಿಕೊಂಡಿದ್ದಳು. ಐದನೆಯ ದಿನ ಬರುತ್ತಿರಲಿಲ್ಲ.

ಐದನೆಯ ದಿನ

ಕ್ಯಾರನ್‌ಗೆ ಎಲ್ಲ ವಿವರಿಸಿದೆ. ಅವಳು ನಂಬಿದಳು. ಆದರೆ ಬೇಡ ಎಂದವರಿಗೆ ಮತ್ತೆ ಮತ್ತೆ ಕೇಳುವುದು ಇಲ್ಲಿ ತಪ್ಪು, ಅವರ ಇಚ್ಛೆಗೆ ಗೌರವ ಕೊಡಬೇಕೆಂದು ನಮಗೆ ಕಲಿಸಿದ್ದಾರೆ ಎಂದಳು. ನಮ್ಮಲ್ಲಿ ಒಂದೇ ಸಲ ಕೇಳಿ ಬಿಟ್ಟರೆ ಎರಡು ತಲೆಮಾರು ಮಾತು ಬಿಡುತ್ತಾರೆ ಎಂದೆ ನಾನು.

ಕೊನೆಗೆ ಮೂರು ಸಲ ಕೇಳಿ ನೋಡೋಣ ಎಂದು ಒಪ್ಪಿದಳು. ಊಟದ ಹೊತ್ತಿಗೆ ಅಕ್ಕನ ಮುಂದೆ ನಿಂತು, ಬೇಕೇ ಎಂದು ಕೇಳಿದಳು. ಬೇಡ. ಬೇಕೇ ಎಂದಳು. ಬೇಡ. ಬೇಕೇ ಎಂದಳು. ಮೂರೂ ಸಲ ಒಂದೇ ಧ್ವನಿ, ಸ್ಟೇಶನ್ನಿನ ಮೈಕಿನಲ್ಲಿ ಗಾಡಿ ತಡ ಎಂದು ಹೇಳಿದ ಹಾಗೆ. ಒಂದು ಆಣೆಯಿಲ್ಲ, ಒಂದು ಹುಸಿಕೋಪವಿಲ್ಲ, ಬಡಿಸುವ ಸೌಟು ತಟ್ಟೆಯ ಮೇಲೆ ತೂಗಾಡಲಿಲ್ಲ. ಅಕ್ಕ ಮೂರನೆಯ ಸಲವೂ ಬೇಡವೆಂದಳು. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

"ಇದನ್ನು ಸರಿಯಾಗಿ ಮಾಡಬಲ್ಲವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾರೆಯೇ?" ಎಂದಳು ಕ್ಯಾರನ್, ಮೂಲೆಯ ಕಂಪ್ಯೂಟರನ್ನು ನೋಡುತ್ತಾ.

ಮಾಡಲಾರದವರು ಯಾರಿದ್ದಾರೆ ಎಂದು ಯೋಚಿಸಿದೆ. ಯಾರೂ ಇರಲಿಲ್ಲ.

ಎಂಟನೆಯ ದಿನ

ಕಸ್ತೂರಿಯ ಮನೆಯಿಂದ ನಾಲ್ಕು ಅಂಗಡಿ ಆಚೆ ಒಂದು ಸೈಬರ್ ಕೆಫೆ ಇದೆ. ನಾನು ವ್ಯವಸ್ಥೆಯನ್ನು ರೈಲ್ವೆಯ ಪ್ರಕಾರವೇ ಮಾಡಿದೆ. ನನ್ನ ಗಡಿಯಾರದ ನಾಲ್ಕು ಇಪ್ಪತ್ತಕ್ಕೆ ಕಸ್ತೂರಿಯ ಮೊಬೈಲಿಗೆ ಫೋನು. ಅವಳು ಲೈನ್ ಕ್ಲಿಯರ್ ಎಂದ ಮೇಲೆಯೇ ಇಲ್ಲಿ ಕಂಪ್ಯೂಟರ್ ಹಚ್ಚುವುದು. ತಟ್ಟೆ ಹೊರಡುವುದು ಆಮೇಲೆ.

"ಕಸ್ತೂರಿ, ಲೈನ್ ಕ್ಲಿಯರ್ ಐತೇನು?"

"ಕ್ಲಿಯರ್ ಐತಿ ಬಾರಣ್ಣಾ. ಬಿಸಿ ಮಿರ್ಚಿ ಭಜಿ ಆರಾಕತ್ತಾವು ಇಲ್ಲೆ."

ಪರದೆಯ ಮೇಲೆ ಮೊದಲು ಒಂದು ಹಣೆ ಬಂತು. ಬರೀ ಹಣೆ, ವಿಭೂತಿ, ಕುಂಕುಮ. ಹಿಂದೆ ಸರಿ ಎಂದು ಹೇಳಿದ ಮೇಲೆ ಮುಖ ಬಂತು, ಅದರ ಹಿಂದೆ ಏಳೆಂಟು ಮುಖ. ತೊಟ್ಟು ಬಿಡಿಸುವ ಹೆಂಗಸರೆಲ್ಲ ಕೈ ಕೂಡ ತೊಳೆಯದೆ ಬಂದಿದ್ದರು. ಒಬ್ಬಳು ಸೀನಿದಳು, ಅದು ಇಂಗ್ಲೆಂಡಿನ ನಡುಮನೆಯ ತುಂಬ ಕೇಳಿಸಿತು. ಮೂಲೆಯಲ್ಲಿದ್ದ ಒಬ್ಬ ಅಜ್ಜಿ, ಸೀನಿದವರಿಗೆ ಅಲ್ಲಿ ಹೇಳುವ ಹಾಗೆ, ದೇವರು ನಿನ್ನನ್ನು ಕಾಯಲಿ ಎಂದರು. ನಾನು ಬಂದಾಗಿನಿಂದ ಅವರು ಬಾಯಿ ತೆರೆದದ್ದು ಅದೇ ಮೊದಲು.

ತಟ್ಟೆ ಬಂತು. ಅಕ್ಕ ಬೇಡವೆಂದಳು.

"ಹಂಗಂದ್ರ ಹೆಂಗ್ರಿ ಅಕ್ಕಾರ?" ಎಂದಳು ಕಸ್ತೂರಿ. "ನಮ್ಮನಿಗೆ ಬಂದು ಹಂಗಽ ಹೊಂಟ್ರ ನಾವು ಮಂದಿಗೆ ಮಾರಿ ಹೆಂಗ ತೋರ್ಸೂಣು?"

ಅಕ್ಕ ತಲೆಯೆತ್ತಿದಳು. "ಯಾರ ಇವರು?" ಎಂದು ನನ್ನ ಕೇಳಿದಳು. ನಾನು ಹೇಳುವ ಮೊದಲೇ ತಾನೇ ಹೇಳಿಕೊಂಡಳು: "ಅಡಗಿಮನಿ ಕಿಡಕ್ಯಾಗಿಂದ ಮಾತಾಡಾಕತ್ತಾರ. ಮನಿ ಹೆಣ್ಮಕ್ಕಳು." ಮತ್ತೆ ಪರದೆಯ ಕಡೆ ತಿರುಗಿ, "ಸಾಕ್ರಿ ಯವ್ವಾ, ಆಗಲೇ ತಿಂದೇನಿ," ಎಂದಳು.

"ಎಲ್ಲಿ ತಿಂದೀರಿ? ನಾ ನೋಡೇ ಇಲ್ಲ. ಒಂದು ತುತ್ತು. ಒಂದ ತುತ್ತಿಗೆ ಏನಾಗತೈತಿ?"

"ಬ್ಯಾಡ್ರಿ, ಹೊಟ್ಟಿ ತುಂಬೇತಿ."

"ನನ್ನಾಣಿ ಐತಿ ನೋಡ್ರಿ ಮತ್ತ. ನೀವು ತಿನ್ನಲಿಲ್ಲಂದ್ರ ನಾನೂ ತಿನ್ನಂಗಿಲ್ಲ," ಎಂದು ಕಸ್ತೂರಿ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟುಬಿಟ್ಟಳು. ಹಿಂದಿನ ಹೆಂಗಸರೂ ತಮ್ಮ ತಮ್ಮ ಮಿರ್ಚಿ ಕೆಳಗಿಟ್ಟರು.

ಅಕ್ಕ ನಿಟ್ಟುಸಿರು ಬಿಟ್ಟಳು. "ಇಷ್ಟು ಮಂದಿನ ಉಪವಾಸ ಕೆಡವೂದು ಬ್ಯಾಡ," ಎಂದು ಚಮಚ ಎತ್ತಿದಳು. ಆಲೂಗಡ್ಡೆ ಖಾಲಿಯಾಯಿತು. ಬಟಾಣಿ ಖಾಲಿಯಾಯಿತು. ಬಿಳಿ ಗೊಜ್ಜನ್ನು ಮಾತ್ರ ಮೂರನೆಯ ಆಣೆಗೂ ಮುಟ್ಟಲಿಲ್ಲ. ಅದು ಸಂಕೋಚವಲ್ಲ, ನಾನೂ ತಿಂದು ನೋಡಿದ್ದೆ.

ಕ್ಯಾರನ್ ಪಟ್ಟಿಯಲ್ಲಿ 'ಊಟ ಮಾಡಿದರು' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

ಹದಿನಾಲ್ಕನೆಯ ದಿನ

ಆಮೇಲೆ ಹಬ್ಬಿತು. ಹನ್ನೆರಡು ಗಂಟೆಗೆ ಬ್ಯಾಡಗಿಯ ಸದ್ದು ಶುರುವಾದರೆ ಗೋಡೆಗುಂಟ ಕೂತವರು ಒಬ್ಬೊಬ್ಬರಾಗಿ ಎದ್ದು ಬಂದು ಆ ಮೇಜಿನ ಸುತ್ತ ಕೂರತೊಡಗಿದರು. ಮಾತು ಅರ್ಥವಾಗುವುದಿಲ್ಲ, ಆದರೆ ಇಂಗ್ಲಿಷೂ ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಪರದೆಯೊಳಗಿನ ಹೆಂಗಸರು ಯಾರನ್ನೂ ಬಿಡಲಿಲ್ಲ.

"ಆ ಉದ್ದನ್ನ ಅಜ್ಜ ಯಾರಣ್ಣಾ?"

"ಜಾರ್ಜ್ ಅಂತ. ಬಸ್ ಕಂಡಕ್ಟರ್."

"ಜಾರ್ಜಜ್ಜಾ, ಯಾಕ ಬಿಟ್ರಿ? ತಿನ್ರಿ. ನನ್ನಾಣಿ ಐತಿ, ತಿನ್ರಿ."

ಜಾರ್ಜಜ್ಜ ಮೊದಲ ದಿನ ಟಿಕೆಟ್ ಕೇಳಿದರು. ಎರಡನೆಯ ದಿನ ಟೋಪಿ ತೆಗೆದು ತಲೆಬಾಗಿದರು. ಅವರಿಗೆ ಬೆಳಗಿನ ಸಂಗತಿ ಸಂಜೆಗೆ ನೆನಪಿರುವುದಿಲ್ಲ. ಆದರೂ ಹನ್ನೆರಡಾಗುತ್ತಲೇ ಆ ಮೇಜಿಗೆ ಬರುವುದನ್ನು ಕಾಲು ತಾನೇ ಕಲಿತಿತ್ತು. ನನ್ನ ಖಾರಪುಡಿಯನ್ನು ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು, ಬಣ್ಣ ಚೆನ್ನಾಗಿದೆ, ನಮ್ಮ ಬಸ್ಸಿನದೇ ಬಣ್ಣ ಎಂದರು. ಸುಂಕದ ಅಧಿಕಾರಿಗೆ ಉತ್ತರ ಸಿಕ್ಕಿತ್ತು, ಹೇಳಲು ಅವರು ಅಲ್ಲಿರಲಿಲ್ಲ.

ಗಿರಿಜಾ ರಾಣೆಬೆನ್ನೂರಿನಿಂದ ಫೋನು ಮಾಡಿ ದೂರಿದಳು. "ಬ್ಯಾಡಗಿ ಹೆಂಗಸರೆಲ್ಲಾ ಇಂಗ್ಲೆಂಡಿಗೆ ಹೋಗಿ ಬಂದ್ರು. ನಾ ಮಾತ್ರ ಇಲ್ಲೇ ಕುಂತೇನಿ."

"ನೀನೂ ಬ್ಯಾಡಗಿಗೆ ಹೋಗಿ ಒತ್ತಾಯ ಮಾಡಂಗಿದ್ರ ಹೋಗು."

"ಮೂವತ್ತೆರಡು ವರ್ಷ ನಿಮಗ ಮಾಡೇನಿ. ಸಾಕಾಗೇತಿ."

ಇಪ್ಪತ್ತೊಂದನೆಯ ದಿನ

ಸಭೆಗೆ ಮೂವರು ಬಂದಿದ್ದರು: ವೈದ್ಯರು, ಆರೈಕೆ ಮನೆಯ ವ್ಯವಸ್ಥಾಪಕಿ, ನಗರಸಭೆಯ ಒಬ್ಬ ಅಧಿಕಾರಿಣಿ. ತೂಕ ಸ್ವಲ್ಪ ಏರಿತ್ತು, ಆದರೆ ನಿಂತೀತೇ ಎಂಬುದು ಅವರ ಪ್ರಶ್ನೆ. ಊಟವನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ ಎಂದು ಅಧಿಕಾರಿಣಿ ಕಾಗದ ಹಿಡಿದು ಪಕ್ಕದ ಮೇಜಿನಲ್ಲಿ ಕೂತರು. ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡಿದ್ದೆ.

ನಾಲ್ಕು ಇಪ್ಪತ್ತಕ್ಕೆ ಫೋನು ಹಚ್ಚಿದೆ.

"ಲೈನ್ ಕ್ಲಿಯರ್?"

"ಎಲ್ಲಿ ಕ್ಲಿಯರಣ್ಣಾ. ಕರೆಂಟ್ ಹೋಗೇತಿ. ಆರಕ್ಕ ಬರತೈತಂತ."

"ಜನರೇಟರ್?"

"ಕೆಫೆದವರು ಡೀಸೆಲ್ ತರಾಕ ಹೋಗ್ಯಾರ. ಅವರು ಹೋದ್ರ ಲಗೂ ಬರೂ ಮಂದಿ ಅಲ್ಲ."

ಲೈನ್ ಕ್ಲಿಯರ್ ಇಲ್ಲದೆ ನಾನು ಜೀವನದಲ್ಲಿ ಒಂದೂ ಗಾಡಿ ಬಿಟ್ಟವನಲ್ಲ. ತಟ್ಟೆಯನ್ನು ತಡೆಯಬೇಕೆಂದು ತಿರುಗಿದೆ. ಅಷ್ಟರಲ್ಲಿ ಅದು ಹೊರಟು ಬಂದುಬಿಟ್ಟಿತ್ತು. ಪರದೆ ಬೂದು ಬಣ್ಣಕ್ಕಿತ್ತು. ಅಕ್ಕ ಅದನ್ನು ನೋಡಿದಳು.

"ಕಿಡಕಿ ಹಾಕ್ಯಾರ," ಎಂದು ನನಗೆ ಹೇಳಿದಳು. "ಏನೋ ಕೆಲಸ ಇದ್ದೀತು. ಹೋಗೂಣ್ರಿ." ಹುಡುಗಿಗೆ ನಕ್ಕು, 'ನೋ ಥ್ಯಾಂಕ್ಯೂ' ಎಂದಳು.

ಅಧಿಕಾರಿಣಿ ಬರೆಯತೊಡಗಿದರು. ಕ್ಯಾರನ್ ಮತ್ತೆ ಕೇಳಿದಳು, ಈ ಸಲ ಪಾಪ, ತಲೆ ಒಂದು ಕಡೆ ವಾಲಿಸಿ. ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಂಡಳು. ನಾನೂ ಬಂದವನೇ, ನನ್ನ ಮಾತು ಅಲ್ಲಿ ನಡೆಯುತ್ತಿರಲಿಲ್ಲ.

ಆಗ ಎದುರಿಗೆ ಕೂತಿದ್ದ ಜಾರ್ಜಜ್ಜ ತಮ್ಮ ಚಮಚ ಕೆಳಗಿಟ್ಟರು. ಸದ್ದಾಗುವ ಹಾಗೆ ಇಟ್ಟರು. ಅಕ್ಕನ ತಟ್ಟೆಯನ್ನು ಎರಡು ಬೆರಳಿನಿಂದ ಅವಳ ಕಡೆ ತಳ್ಳಿ, ಕಂಡಕ್ಟರ ಗಂಟಲಿನಲ್ಲಿ ಹೇಳಿದರು:

"ತಿನ್ರೀ."

ಅಕ್ಕ ನೋಡಿದಳು. "ಸಾಕ್ರಿ ಅಜ್ಜಾರ."

"ತಿನ್ರೀ," ಎಂದರು ಮತ್ತೆ. ಆಮೇಲೆ ಏನೋ ಹುಡುಕುವವರ ಹಾಗೆ ಮೇಲೆ ನೋಡಿದರು. "ನನ್ನಾಣೀ," ಎಂದರು.

ಅಕ್ಕ ನಕ್ಕಳು. ಬಂದವರ ನಗು ಅಲ್ಲ, ಹಲ್ಲು ಕಾಣುವ ನಗು. "ಮನಿ ಯಜಮಾನ್ರಽ ಆಣಿ ಹಾಕಿದ ಮ್ಯಾಲ ಏನ್ ಮಾಡೂದ್ರಿ ಮಾಸ್ತರ್ರ?" ಎಂದು ಸ್ವೆಟರಿನ ಗುಂಡಿ ಬಿಚ್ಚಿ, ಚಮಚ ಹಿಡಿದಳು. ತಿಂದಳು. ಜಾರ್ಜಜ್ಜನೂ ತಮ್ಮದನ್ನು ಎತ್ತಿಕೊಂಡರು. ಅವರು ಹೇಳಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಕ್ಯಾರನ್ ಕೇಳಿದಾಗ, ಯಾರು, ನಾನಾ ಎಂದು ಕೇಳಿದರು.

"ಅವರು ಯಾವ ಭಾಷೆಯಲ್ಲಿ ಮಾತಾಡಿದರು?" ಎಂದು ಅಧಿಕಾರಿಣಿ ನನ್ನನ್ನು ಕೇಳಿದರು.

"ಬ್ಯಾಡಗಿಯದು," ಎಂದೆ.

ಅವರು ಅದನ್ನೂ ಬರೆದುಕೊಂಡರು. ಸಂಜೆ ತೀರ್ಮಾನ ಬಂತು. ಅಕ್ಕ ಇಲ್ಲಿಯೇ ಇರಬಹುದು, ಮೂರು ತಿಂಗಳಾದ ಮೇಲೆ ಮತ್ತೆ ನೋಡುತ್ತಾರೆ. ಆರೈಕೆಯ ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿಸಿದರು. ಅದನ್ನು ನಾನೇ ಓದಿದ್ದೇನೆ: 'ಇವರಿಗೆ ಮೂರು ಸಲ ಕೇಳಬೇಕು. ಮೊದಲ ಎರಡು ಉತ್ತರಗಳನ್ನು ಪರಿಗಣಿಸಬಾರದು.' ಊರಿನಲ್ಲಿ ನಮ್ಮ ಹಿರಿಯರು ಯಾರೂ ಇದನ್ನು ಇಷ್ಟು ಚೊಕ್ಕವಾಗಿ ಬರೆದಿಟ್ಟಿರಲಿಲ್ಲ.

ಇಪ್ಪತ್ನಾಲ್ಕನೆಯ ದಿನ

ಹೊರಡುವ ದಿನ ಪೆಟ್ಟಿಗೆ ಹಿಡಿದು ನಡುಮನೆಗೆ ಬಂದೆ. ಯಾರದೋ ಹುಟ್ಟುಹಬ್ಬ, ಕೇಕು ಕತ್ತರಿಸಿದ್ದರು. ಅಕ್ಕ ತಟ್ಟೆ ಹಿಡಿದು ಕುರ್ಚಿಯಿಂದ ಕುರ್ಚಿಗೆ ಹೋಗಿ ಎಲ್ಲರಿಗೂ ಕೊಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಬೇಡವೆಂದ ಒಬ್ಬ ಅಜ್ಜಿಯ ಕೈ ಬಿಡಿಸಿ, ಒಂದು ತುಂಡು ಇಟ್ಟು, ಬೆರಳು ಮಡಿಸಿ ಬಂದಳು. ಜಾರ್ಜಜ್ಜ ಎರಡು ತೆಗೆದುಕೊಂಡರು. ಯಂತ್ರದ ಬೆಕ್ಕಿನ ಮುಂದೆಯೂ ಒಂದು ಚೂರು ಇತ್ತು.

ತಟ್ಟೆಯಲ್ಲಿ ಕೊನೆಯ ತುಂಡು ಉಳಿದಾಗ ನನ್ನ ಮುಂದೆ ಬಂದು ನಿಂತಳು.

"ತಗೋ."

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ಬ್ಯಾಡಕ್ಕಾ, ಈಗ ತಿಂದೇನಿ," ಎಂದೆ, ಎರಡನೆಯ ಸಲಕ್ಕೆ ಕೈ ಸಿದ್ಧ ಮಾಡಿಕೊಂಡು.

ಅಕ್ಕ ನನ್ನನ್ನು ನೋಡಿದಳು, ಕೇಕನ್ನು ನೋಡಿದಳು. ತುಂಡನ್ನು ಎತ್ತಿ ಇಡಿಯಾಗಿ ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿ, ಬಾಯಿ ಒರಸಿಕೊಂಡಳು.

"ಇಲ್ಲೆ ಒಂದಽ ಸಲ ಕೇಳ್ತಾರ, ತಮ್ಮಾ," ಎಂದಳು.

ವಿಮಾನದಲ್ಲಿ ಬನ್ನಿನ ಬುಟ್ಟಿ ಬಂತು. ಗಗನಸಖಿ ಇನ್ನೂ ಬಾಯಿ ತೆರೆದಿರಲಿಲ್ಲ, ನಾನು ಹೂಂ ಎಂದೆ.